ಅವನು ಕುಡಿಯುತ್ತಿದ್ದದ್ದು ನೀರು

ನಾನು ಹೇಳಿದ ಒಂದು ಸುಳ್ಳಿಗೆ ಶಿಕ್ಷೆ ಅನುಭವಿಸಿದವಳು ನಾನಲ್ಲ. ಅನುಭವಿಸಿದವನು ತಂಬೂರು ಗ್ರಾಮದ ಇಪ್ಪತ್ತೊಂಬತ್ತು ವರ್ಷದ ಒಬ್ಬ ಯುವಕ. ಹೆಂಡದ ಒಂದು ಹನಿಯನ್ನೂ ಮುಟ್ಟದ ಅವನು ಮೂರು ತಿಂಗಳು ಕುಡುಕನೆನಿಸಿಕೊಂಡ. ಆ ಹೆಸರು ಕಳೆದುಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟ. ಅದರಿಂದಾಗಿ ಆಸ್ಪತ್ರೆ ಸೇರಿದ. ಆ ಮೂರು ತಿಂಗಳೂ ನಾನು ನನ್ನ ವರದಿಗಳಲ್ಲಿ ಅವನ ಹೆಸರಿನ ಮುಂದೆ ‘ತೃಪ್ತಿಕರ’ ಎಂದು ಬರೆಯುತ್ತಿದ್ದೆ.

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಕೆಲಸ ಹುಡುಕಿಕೊಡುವುದು, ಕೆಲಸ ಸಿಕ್ಕ ಮೇಲೆ ಅವರು ಅದರಲ್ಲಿ ನೆಲೆ ನಿಲ್ಲುವವರೆಗೆ ಜೊತೆಗಿರುವುದು ನನ್ನ ಉದ್ಯೋಗ. ಕಲಘಟಗಿ, ಕುಂದಗೋಳ ಎರಡು ತಾಲ್ಲೂಕುಗಳು ನನ್ನ ಪಾಲಿಗಿವೆ. ಕಾಯಿಲೆಯ ವಿಷಯವನ್ನು ಕೆಲಸ ಕೊಡುವವರಿಗೆ ಹೇಳಬೇಕೇ, ಹೇಳಿದರೆ ಎಷ್ಟು, ಯಾರು ಹೇಳಬೇಕು ಎಂಬುದನ್ನು ಕಾಯಿಲೆ ಇರುವವರೇ ನಿರ್ಧರಿಸಬೇಕು. ಇದು ನಮ್ಮ ಕೆಲಸದ ಮೊದಲ ಪಾಠ. ಹೊಸ ಕಾರ್ಯಕರ್ತರಿಗೆ ಈ ಪಾಠವನ್ನು ಹೇಳಿಕೊಡುತ್ತಿದ್ದವಳೂ ನಾನೇ.

ಯುವಕನಿಗಿದ್ದದ್ದು ಮನಸ್ಸಿನ ಏರಿಳಿತದ ಕಾಯಿಲೆ. ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಮೊದಲು ಅವನು ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಯ ಹಲಗೆಗಳಿಗೆ ಚಿತ್ರ ಬರೆಯುತ್ತಿದ್ದ. ಜೋಡಿ ಎತ್ತು, ಕಮಲ, ಮನೆದೇವರ ಹೆಸರು. ತಂಬೂರಿನಿಂದ ಕಲಘಟಗಿಗೆ ಬರುವ ದಾರಿಯಲ್ಲಿ ಅವನ ಕೈಯ ಎತ್ತುಗಳು ಇಂದಿಗೂ ಎದುರಿಗೆ ಬರುತ್ತವೆ. ಎರಡನೆಯ ಸಲ ಕಾಯಿಲೆ ಉಲ್ಬಣಿಸಿದ ಮೇಲೆ ಕುಂಚ ಕೆಳಗಿಟ್ಟವನು ನಾಲ್ಕು ವರ್ಷ ಮುಟ್ಟಿರಲಿಲ್ಲ. ದಿನವೂ ಲಿಥಿಯಂ ಗುಳಿಗೆ, ತಿಂಗಳಿಗೊಂದು ಬುಧವಾರ ಧಾರವಾಡದಲ್ಲಿ ರಕ್ತಪರೀಕ್ಷೆ. ಕಾಯಿಲೆ ಹತೋಟಿಯಲ್ಲಿತ್ತು.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಮನೆತನವೊಂದರ ಕಾರ್ಖಾನೆಯಲ್ಲಿ ತರಬೇತಿ ಕೇಂದ್ರದ ಯೋಜನೆಯಡಿ ಒಬ್ಬರಿಗೆ ಆರು ತಿಂಗಳ ಕಲಿಕೆಯ ಅವಕಾಶ ತೆರೆಯಿತು. ಕೊನೆಯಲ್ಲಿ ಪರೀಕ್ಷೆ, ಯಜಮಾನರ ಸಹಿಯೊಡನೆ ಪ್ರಮಾಣಪತ್ರ. ಯಜಮಾನರಿಗೆ ಒಪ್ಪಿಗೆಯಾದರೆ ಅಲ್ಲಿಯೇ ಕಾಯಂ ಕೆಲಸ. ಅವನಿಗೆ ಕುಂಚವನ್ನು ಮರಳಿ ಕೊಡಬಲ್ಲ ಕೆಲಸ ನನ್ನ ಎರಡು ತಾಲ್ಲೂಕುಗಳಲ್ಲಿ ಇದೊಂದೇ ಇತ್ತು.

ಜನವರಿಯಲ್ಲಿ ಅವನನ್ನು ಕರೆದುಕೊಂಡು ಹೋದೆ. ಯಜಮಾನರು ಅರವತ್ತು ದಾಟಿದವರು. ಎಲ್ಲರೂ ಅವರಿಗೆ ಕಾಕಾ ಎನ್ನುತ್ತಾರೆ, ಬಣ್ಣ ಅರೆಯುವ ಉಸ್ತುವಾರಿ ನೋಡಿಕೊಳ್ಳುವ ಅವರ ಹೆಂಡತಿಗೆ ಕಾಕು. ಕಾಕಾ ಒಂದು ಹಲಗೆ, ಒಂದು ಸೀಸದಕಡ್ಡಿ ಕೊಟ್ಟು ಗಿಳಿ ಬರೆಯಲು ಹೇಳಿದರು. ಅವನು ಬರೆದ. ಕಾಕಾ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಗಿಳಿ ಅಗದಿ ಚಲೋ ಬಂದೈತಿ. ಆದ್ರ ಕೈ ಸ್ವಲ್ಪ ನಡಗಿದಂಗ ಕಾಣ್ತದಲ್ರಿ ಅಕ್ಕಾರ. ಏನರ ತ್ರಾಸ ಐತೇನು?”

ಲಿಥಿಯಂ ತೆಗೆದುಕೊಳ್ಳುವ ಹಲವರ ಬೆರಳುಗಳಲ್ಲಿ ಸಣ್ಣ ನಡುಕವಿರುತ್ತದೆ. ಅದು ನನಗೆ ಗೊತ್ತಿತ್ತು. ಅದರ ಹಿಂದಿನ ವರ್ಷ ಇಬ್ಬರು ಉದ್ಯೋಗದಾತರಿಗೆ ಅವನ ವಿಷಯ ಹೇಳಿ ನೋಡಿದ್ದೆ. ಒಬ್ಬರು ಚಹಾ ಕೊಟ್ಟು ಕಳುಹಿಸಿದ್ದರು, ಇನ್ನೊಬ್ಬರು ಚಹಾ ಕೊಡದೆ. ಬಾಗಿಲು ಮೂರನೆಯ ಸಲ ಮುಚ್ಚುವುದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

“ಸ್ವಲ್ಪ ನರದ ದೌರ್ಬಲ್ಯ ಅಷ್ಟ್ರಿ,” ಎಂದೆ. “ಗುಳಿಗಿ ತಗೋತಾನ.”

ಯುವಕ ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನ ಬಗ್ಗೆ ಏನು ಹೇಳಬೇಕೆಂದು ನಾನು ಅವನನ್ನು ಕೇಳಿರಲಿಲ್ಲ. ಹೇಳಿದ ಮೇಲೆ ಅವನ ಮುಖವನ್ನೂ ನೋಡಲಿಲ್ಲ. ಇದು ಮೊದಲನೆಯ ತಪ್ಪು, ಮತ್ತು ಅದು ನನ್ನದು. ಕಾಕಾ ಹೂಂ ಎಂದರು. ಆ ಹೂಂಕಾರದಲ್ಲಿ ಏನೋ ಇತ್ತು. ಅದನ್ನು ಒಪ್ಪಿಗೆಯೆಂದು ತಿಳಿದೆ.

ತೊಟ್ಟಿಲಿನ ಕೆಲಸ ತಾಳ್ಮೆಯದು. ಸಾಗವಾನಿಯ ಕಾಲು, ಸಲಾಕೆಗಳನ್ನು ಕಡೆಯುವ ಯಂತ್ರಕ್ಕೆ ಕಟ್ಟಿ, ತಿರುಗುವ ಕಟ್ಟಿಗೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಕಟ್ಟಿಗೆಗೆ ಹಿಡಿಯುತ್ತದೆ, ಕೇದಗೆಯ ಎಲೆ ಒತ್ತಿ ಹಿಡಿದರೆ ಹೊಳಪು ಏಳುತ್ತದೆ. ತೊಟ್ಟಿಲಿನ ಅಗಲವಾದ ಪಕ್ಕದ ಹಲಗೆಗಳದ್ದು ಬೇರೆ ಕ್ರಮ. ಉಜ್ಜಿ ನುಣುಪು ಮಾಡಿ, ಅಸ್ತರಿನ, ಎಂದರೆ ತಳದ ಲೇಪದ, ಬಣ್ಣ ಬಳಿದು ಒಣಗಿಸಿ, ಅದರ ಮೇಲೆ ಕುಂಚದಿಂದ ಬಳ್ಳಿ, ನವಿಲು, ಬೆಣ್ಣೆಯ ಗಡಿಗೆಗೆ ಕೈ ಹಾಕಿದ ಕೃಷ್ಣ. ಅಂಚಿನ ಗೆರೆ ಕೂದಲಿನಷ್ಟು ಸಣ್ಣದು. ಅದು ಒಂದೇ ಉಸಿರಿಗೆ ಬರಬೇಕು, ನಿಲ್ಲಿಸಿ ಮುಂದುವರಿಸಿದರೆ ಗಂಟು ಕಾಣುತ್ತದೆ. ಎಲ್ಲ ಮುಗಿದ ಮೇಲೆ ಕೆಂಡದ ಕಾವಿನಲ್ಲಿ ಅರಗಿನ ತೆಳು ಲೇಪ.

ಯುವಕನನ್ನು ಕೂರಿಸಿದ್ದು ಆ ಕೆಂಡದ ಪಕ್ಕದಲ್ಲಿ. ಅವನಿಗೆ ಬಾಯಾರಿಕೆ ಹೆಚ್ಚು, ಅದೂ ಗುಳಿಗೆಯ ಗುಣವೇ. ಬೆವರು ಹರಿದಷ್ಟೂ ನೀರು ಕುಡಿಯಬೇಕು, ಇಲ್ಲದಿದ್ದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗುತ್ತದೆ. ಆದ್ದರಿಂದ ಅವನು ಎರಡು ಲೀಟರಿನ ಬಾಟಲಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬರುತ್ತಿದ್ದ. ಬಿಸಿಲಿಗೆ ನೀರು ಕಾಯದಿರಲೆಂದು ಅವನ ಅವ್ವ ಅದಕ್ಕೆ ಹಳೆಯ ಸೀರೆಯ ತುಂಡನ್ನು ಸುತ್ತಿ ಹೊಲಿದಿದ್ದಳು. ಒಳಗಿರುವುದು ಕಾಣುತ್ತಿರಲಿಲ್ಲ.

ಬೆಳಿಗ್ಗೆ ಚಹಾ ಆದ ಮೇಲೆ ನಡುಗುವ ಕೈ, ಬಟ್ಟೆ ಸುತ್ತಿದ ಬಾಟಲಿ, ತಿಂಗಳಿಗೊಂದು ಬುಧವಾರ ಕಾರಣ ಹೇಳದೆ ಗೈರುಹಾಜರಿ. ಇವಕ್ಕೆಲ್ಲ ನಾನು ಕೊಟ್ಟಿದ್ದ ವಿವರಣೆ ‘ನರದ ದೌರ್ಬಲ್ಯ’. ಬಸ್ ನಿಲ್ದಾಣದಿಂದ ಆ ಕಾರ್ಖಾನೆಗೆ ನಡೆದುಹೋಗುವ ದಾರಿಯ ಗೋಡೆಗಳ ಮೇಲೆ ಆ ಎರಡು ಪದಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದ ಜಾಹೀರಾತುಗಳಿವೆ. ಪ್ರತಿಯೊಂದರಲ್ಲಿಯೂ ಅದರ ಕೆಳಗಿನ ಸಾಲು ‘ಕುಡಿತ ಬಿಡಿಸಲಾಗುವುದು’. ನಾನು ಆ ಗೋಡೆಗಳನ್ನು ಹತ್ತು ವರ್ಷದಿಂದ ನೋಡುತ್ತಿದ್ದೆ, ಓದಿರಲಿಲ್ಲ. ಕಾರ್ಖಾನೆಯವರು ಓದಿದ್ದರು.

ಅಲ್ಲಿನ ಹಿರಿಯ ಬಣ್ಣಗಾರರೊಬ್ಬರು ಕೃಷ್ಣನ ಕಣ್ಣು ಬರೆಯುವವರು. ಮಾತಿನಲ್ಲಿ ಚುಚ್ಚುವವರು. ಫೆಬ್ರುವರಿಯ ಒಂದು ಭೇಟಿಯಲ್ಲಿ ನನ್ನ ಎದುರಿಗೇ ಯುವಕನಿಗೆ ಹೇಳಿದರು: “ಲೇ ತಮ್ಮಾ, ನಿನ್ನ ಬಾಟ್ಲಿಗೆ ನಿಮ್ಮವ್ವ ಸೀರಿ ಉಡಿಸಿ ಕಳಸ್ಯಾಳಲ್ಲೋ. ಮರ್ಯಾದಿಸ್ತ ಬಾಟ್ಲಿ ಅದು.” ಎಲ್ಲರೂ ನಕ್ಕರು. ಯುವಕನೂ ನಕ್ಕ. ಅದು ಅವ್ವನ ಪ್ರೀತಿಯ ಬಗೆಗಿನ ತಮಾಷೆಯೆಂದುಕೊಂಡು ನಾನೂ ನಕ್ಕೆ. ಆ ದಿನವೂ ‘ತೃಪ್ತಿಕರ’ ಎಂದು ಬರೆದೆ.

ಮಾರ್ಚ್ ಕೊನೆಗೆ ಅವನು ಬಾಟಲಿ ತರುವುದನ್ನು ನಿಲ್ಲಿಸಿದ. ನನಗೆ ಹೇಳಲಿಲ್ಲ. ಹೇಳುವುದಕ್ಕೆ ನಾನು ದಾರಿ ಇಟ್ಟಿರಲಿಲ್ಲ. ಎಲ್ಲರ ಎದುರಿಗೆ ಕೊಡದಿಂದ ಪದೇಪದೇ ನೀರು ಎತ್ತಿಕೊಂಡರೆ ಅದಕ್ಕೂ ಮಾತು ಹುಟ್ಟೀತೆಂದು ಊಟದ ಹೊತ್ತಿಗೆ ಒಂದು ಲೋಟ, ಮನೆಗೆ ಹೋದ ಮೇಲೆ ಉಳಿದದ್ದು. ಏಪ್ರಿಲ್ ತಿಂಗಳ ಬಿಸಿಲು, ಮೇಲೆ ತಗಡು, ಪಕ್ಕದಲ್ಲಿ ಕೆಂಡ.

ತಿಂಗಳ ಕೊನೆಯ ವಾರ ಒಂದು ಮಧ್ಯಾಹ್ನ ಕಾಕಾ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. “ಅಕ್ಕಾರ, ಬಂದು ಕರ್ಕೊಂಡ ಹೋಗ್ರಿ. ನಿಮ್ಮ ಹುಡುಗ ಇವತ್ತ ಪೂರಾ ಕುಡದ ಬಂದಾನ. ನಿಂದರಾಕ ಆಗವಲ್ದು.”

ನಾನು ತಾಲ್ಲೂಕು ಕಚೇರಿಯ ಬಳಿ ಇದ್ದೆ. ಹತ್ತು ನಿಮಿಷದಲ್ಲಿ ತಲುಪಿದೆ. ಅವನು ಗೋಡೆಗೆ ಒರಗಿದ್ದ. ವಾಂತಿ ಮಾಡಿಕೊಂಡಿದ್ದ. ಕೈ ಬೆರಳು ಮಾತ್ರವಲ್ಲ, ತೋಳು ಸಮೇತ ಅದುರುತ್ತಿತ್ತು, ಮಾತು ತೊದಲುತ್ತಿತ್ತು. ಅವನ ಮುಂದಿದ್ದ ಹಲಗೆಯಲ್ಲಿ ನವಿಲಿನ ಮೈಮೇಲೆ ಹಸಿರು ಗೆರೆಯೊಂದು ಅಂಚಿನವರೆಗೆ ಹರಿದುಹೋಗಿತ್ತು.

“ನೋಡ್ರಿ,” ಎಂದರು ಹಿರಿಯ ಬಣ್ಣಗಾರರು. “ನಾ ಮೊದಲ ಹೇಳಿದ್ನಿ.”

ಕಾಕು ಬಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಯಾರನ್ನೂ ಕೇಳದೆ ಬಗ್ಗಿ ಅವನ ಬಾಯಿಯ ಹತ್ತಿರ ಮೂಗು ಒಯ್ದರು.

“ಏನ ಕುಡದಾನ ಇಂವಾ? ಹೆಂಡದ ವಾಸನಿನ ಇಲ್ಲ. ಮಾವಿನ ಉಪ್ಪಿನಕಾಯಿ ತಿಂದಾನ, ಅಷ್ಟ.” ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕಾರ, ಇವಗ ಏನಾಗೈತಿ ಅಂತ ನಿಮಗ ಗೊತ್ತೈತಿ. ನಿಮ್ಮ ಮಾರಿ ಮ್ಯಾಲೆ ಐತದು.”

ಬಾಡಿಗೆಯ ವಾಹನ ಕರೆಸಿ ಧಾರವಾಡಕ್ಕೆ ಹೊರಟೆವು. ರಕ್ತದಲ್ಲಿ ಲಿಥಿಯಂ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ವೈದ್ಯರು ಗುಳಿಗೆ ನಿಲ್ಲಿಸಿ ಸಲೈನ್ ಹಚ್ಚಿದರು. ಇನ್ನೆರಡು ದಿನ ಹೀಗೆಯೇ ಕೆಲಸ ಮಾಡಿದ್ದರೆ ಮೂತ್ರಪಿಂಡಗಳ ಕಥೆ ಹೇಳಲಾಗುತ್ತಿರಲಿಲ್ಲ ಎಂದರು. ನೀರು ಯಾಕೆ ಕುಡಿಯಲಿಲ್ಲವೆಂದು ಅವನನ್ನು ಕೇಳಿದರು. ಅವನು ಸೂರು ನೋಡುತ್ತ ಮಲಗಿದ್ದ.

ಐದು ದಿನಗಳ ನಂತರ ತಂಬೂರಿನ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಕ್ಷಮೆ ಕೇಳಿದೆ. ಅವನು ಕೇಳಿಸಿಕೊಂಡ. ಅವನ ಅವ್ವ ಒಳಗಿನಿಂದ ಮಜ್ಜಿಗೆ ತಂದಿಟ್ಟು ಬಾಗಿಲಲ್ಲೇ ನಿಂತಳು.

“ಕುಡುಕ ಅಂತಿದ್ರು, ನಿನಗ ಗೊತ್ತಿತ್ತೇನು?” ಎಂದು ಕೇಳಿದೆ.

“ಗೊತ್ತಿತ್ರಿ ಅಕ್ಕಾರ.”

“ಮತ್ತ ಯಾಕ ಸುಮ್ನಿದ್ದಿ?”

ಅವನು ಮಜ್ಜಿಗೆಯ ಲೋಟ ಕೆಳಗಿಟ್ಟ. “ಕುಡುಕ ಅಂದ್ರ ನಾಳೆ ಬಿಟ್ಟೇನ್ರಿ ಅನ್ನಬೋದು. ಮಂದಿ ನಂಬ್ತಾರ. ಹುಚ್ಚ ಅಂದ್ರ ಹೆಂಗ ಬಿಡೂದು? ಅದಕ ಕುಡುಕನ ಚಲೋ ಅನಸ್ತು.”

ಸಮಾನತೆಯ ಬಗ್ಗೆ ಎಷ್ಟೋ ಸಭೆಗಳಲ್ಲಿ ಮಾತನಾಡಿದ ನನಗೆ ಈ ಎರಡು ಹೆಸರುಗಳ ನಡುವಣ ಆಯ್ಕೆ ಹೀಗಿರುತ್ತದೆಂದು ತಿಳಿದಿರಲಿಲ್ಲ. ಕುಡಿತವನ್ನು ಕ್ಷಮಿಸುವ, ಕಾಯಿಲೆಯನ್ನು ಕ್ಷಮಿಸದ ಸಮಾಜದಲ್ಲಿ ಅವನು ಲೆಕ್ಕ ಸರಿಯಾಗಿಯೇ ಹಾಕಿದ್ದ. ಆ ಸಮಾಜದ ತಪ್ಪಿಗೆ ನನ್ನ ತಪ್ಪು ಸೇರಿಕೊಂಡಿತ್ತು.

ನಾನು ಎರಡು ದಾರಿಗಳನ್ನು ಮುಂದಿಟ್ಟೆ. ಈ ಕೆಲಸ ಬಿಟ್ಟು ಬೇರೆ ಹುಡುಕಬಹುದು, ಅಥವಾ ಕಾಕಾಗೆ ನಿಜ ಹೇಳಬಹುದು. ನಾನು ಹೇಳುತ್ತೇನೆ ಎಂದೂ ಸೇರಿಸಿದೆ, ಎಲ್ಲ ಕೆಲಸಗಾರರನ್ನು ಕೂಡಿಸಿ, ಕಾಯಿಲೆಯ ಬಗ್ಗೆ ಒಂದು ತಾಸು ತಿಳಿವಳಿಕೆ ನೀಡಿ. ಅವನು ಮೊದಲ ಸಲ ದನಿ ಏರಿಸಿದ.

“ನೀವು ಹೇಳೂದು ಬ್ಯಾಡ್ರಿ. ಮೊದಲ ಸಲಾ ನೀವು ಹೇಳಿದ್ದ ಸಾಕಾಗೇತಿ. ನಾನ ಹೇಳ್ತೇನಿ. ಕಾಕಾಗ, ಕಾಕೂಗ ಇಬ್ಬರಿಗೇ. ಉಳದಾವ್ರಿಗೆ ನನಗ ಅನಿಸಿದಾಗ.”

ತಿರುವು ಇದು. ಅದನ್ನು ತಂದವನು ಅವನು.

ಮುಂದಿನ ನಾಲ್ಕು ದಿನ ನಾವು ಒಂದು ಹಾಳೆಯ ಮೇಲೆ ಕೆಲಸ ಮಾಡಿದೆವು. ನಾನು ಬರೆದುಕೊಂಡು ಹೋಗಿದ್ದ ಮೊದಲ ಕರಡು ‘ನಾನು ಬೈಪೋಲಾರ್ ಕಾಯಿಲೆಯಿಂದ ಬಳಲುತ್ತಿದ್ದು’ ಎಂದು ಆರಂಭವಾಗುತ್ತಿತ್ತು. ಅವನು ‘ಬಳಲುತ್ತಿದ್ದು’ ಹೊಡೆದುಹಾಕಿದ. ಆಸ್ಪತ್ರೆಗೆ ಸೇರಿದ ಎರಡು ಸಲದ ವಿವರ ಹೊಡೆದುಹಾಕಿದ. ಅದಕ್ಕೂ ತೊಟ್ಟಿಲಿಗೂ ಸಂಬಂಧವಿಲ್ಲ ಎಂದ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಉಲ್ಲೇಖವನ್ನು ಮಾತ್ರ ಬಿಡಲು ನಾನು ಒಪ್ಪಲಿಲ್ಲ. ಅವನು ಅದನ್ನು ಹಾಳೆಯ ಕೆಳಗೆ ಸಣ್ಣದಾಗಿ ಬರೆಯಲು ಒಪ್ಪಿದ: “ಕಾಕಾ ಕಾಯ್ದೆ ನೋಡಿ ಹೆದರ್ತಾನ್ರಿ. ಹೆದರಿದಾವ ಚಲೋ ಕಲಸಂಗಿಲ್ಲ.”

ಕೊನೆಗೆ ಉಳಿದದ್ದು ಅವನ ಮಾತು. ಮೇಲೆ ಶೀರ್ಷಿಕೆ: ‘ನನ್ನ ಕೆಲಸ ಚೆನ್ನಾಗಿ ಆಗಲು ಬೇಕಾದದ್ದು.’ ಕೆಳಗೆ, ಮನಸ್ಸಿನ ಏರಿಳಿತಕ್ಕೆ ಗುಳಿಗೆ ತೆಗೆದುಕೊಳ್ಳುತ್ತೇನೆ, ಅದರಿಂದ ಕೈ ಸ್ವಲ್ಪ ನಡುಗುತ್ತದೆ, ಬೆಳಿಗ್ಗೆ ಹೆಚ್ಚು, ಮಧ್ಯಾಹ್ನದ ನಂತರ ಕಡಿಮೆ. ಬೆಳಿಗ್ಗೆ ಹಲಗೆ ಉಜ್ಜುವುದು, ಅಸ್ತರು ಬಳಿಯುವುದು ಮಾಡುತ್ತೇನೆ, ಗೆರೆಯ ಕೆಲಸ ಊಟದ ನಂತರ. ಕೆಂಡದಿಂದ ದೂರ ಜಾಗ ಬೇಕು. ನೀರು ಎಷ್ಟು ಸಲವಾದರೂ ಕುಡಿಯುತ್ತೇನೆ. ತಿಂಗಳಿಗೊಂದು ಬುಧವಾರ ರಕ್ತಪರೀಕ್ಷೆಗೆ ಹೋಗುತ್ತೇನೆ. ನಾನು ಎರಡು ದಿನ ನಿದ್ದೆಯಿಲ್ಲದೆ ಬಹಳ ಮಾತನಾಡುವುದು ಕಂಡರೆ ಅಕ್ಕಾರಿಗೆ ಫೋನ್ ಮಾಡಿ, ನನ್ನನ್ನು ಬೈಯಬೇಡಿ. ಕೊನೆಯ ಎರಡು ಪದಗಳು ಬೇಕೇ ಎಂದು ನಾನು ಕೇಳಿದೆ. ಬೇಕು ಎಂದ.

ಮೇ ತಿಂಗಳ ಒಂದು ಬೆಳಿಗ್ಗೆ, ಉಳಿದ ಕೆಲಸಗಾರರು ಬರುವ ಮುನ್ನ, ಕಾಕಾನ ಮನೆಯ ಪಡಸಾಲೆಯಲ್ಲಿ ಕುಳಿತೆವು. ಮೊದಲು ನಾನು ಮಾತನಾಡಿದೆ, ಎರಡೇ ವಾಕ್ಯ: ಜನವರಿಯಲ್ಲಿ ನಿಮಗೆ ಸುಳ್ಳು ಹೇಳಿದೆ, ಆ ಸುಳ್ಳು ನನ್ನದು, ಇವನದಲ್ಲ. ಆಮೇಲೆ ಅವನು ಹಾಳೆಯನ್ನು ಓದಿದ. ಹಾಳೆ ಅಲುಗುತ್ತಿತ್ತು. ಆ ನಡುಕ ಗುಳಿಗೆಯದೋ ಭಯದ್ದೋ ನನಗೆ ತಿಳಿಯಲಿಲ್ಲ. ದನಿ ಮಾತ್ರ ನೆಟ್ಟಗಿತ್ತು.

ಕಾಕಾ ಹಾಳೆಯನ್ನು ಈಸಿಕೊಂಡು ತಾವೇ ಮತ್ತೊಮ್ಮೆ ಓದಿದರು. ಕೊನೆಗೆ, “ಅಂದ್ರ ಇದು ತಲಿಗೆ ಸಂಬಂಧಪಟ್ಟಿದ್ದು,” ಎಂದರು.

“ಹೌದು ಕಾಕಾ.”

“ನಾ ಒಬ್ಬಾಂವಾ ಇದ್ರ ಏನೂ ಅಂತಿದ್ದಿಲ್ಲ ತಮ್ಮಾ. ಆದ್ರ ತೊಟ್ಲಾ ಅಂದ್ರ ಕೂಸು ಮಲಗೂದು. ಯಾವ ಕೈಯಾಗ ಆಗೈತಿ ಅಂತ ನೋಡೇ ಮಂದಿ ಒಯ್ತಾರ. ನಾಳೆ ಯಾರರ ಕೇಳಿದ್ರ ನಾ ಏನ ಹೇಳ್ಲಿ?”

ಇದು ಅನ್ಯಾಯದ ಮಾತು. ನಾನು ಬಾಯಿ ತೆರೆದೆ. ಯುವಕ ನನ್ನ ಕಡೆ ನೋಡಿದ, ನಾನು ಮುಚ್ಚಿದೆ. ಆದರೆ ಕಾಕು ಸುಮ್ಮನಿರಲಿಲ್ಲ.

“ಮಂದಿ ತೊಟ್ಲಾ ಕೇಳಾಕ ಬಂದಾಗ ನೀವು ಅವರ ತಲಿ ತಪಾಸ ಮಾಡಿ ಕೊಡ್ತೀರೇನು? ಅರ್ಧ ಮಂದಿಗೆ ಕೊಡಾಕ ಬರಂಗಿಲ್ಲ ಹಂಗಾದ್ರ.”

“ನೀ ಸುಮ್ನಿರ ಬೇ. ವ್ಯವಹಾರದ ಮಾತಿದು.”

“ನಾನೂ ವ್ಯವಹಾರನ ಮಾತಾಡಾಕತ್ತೇನಿ. ಸಂಶಿಯೊಳಗ ನಿಮ್ಮ ಮಗಳು ಏಳು ತಿಂಗಳ ಬಸರಿ ಅದಾಳ. ಆ ಕೂಸಿಗೆ ತೊಟ್ಲಾ ಇನ್ನೂ ಹಚ್ಚಿಲ್ಲ ನೀವು. ಅದರ ಎರಡೂ ಹಲಿಗಿ ಇವನ ಬರೀಲಿ. ನಾಳೆ ಯಾರರ ಕೇಳಿದ್ರ, ಇವನ ಕೈ ತೊಟ್ಲದಾಗ ನಮ್ಮ ಮೊಮ್ಮಗು ಮಲಗೈತಿ ಅನ್ರಿ. ಮ್ಯಾಲೆ ಏನರ ಕೇಳಿದ್ರ ನನ್ನ ಕಡೆ ಕಳಸ್ರಿ.”

ಕಾಕಾ ಹೆಂಡತಿಯನ್ನು ನೋಡಿದರು, ಹಾಳೆಯನ್ನು ನೋಡಿದರು. “ನಾಳೆ ಹೇಳ್ತೇನಿ,” ಎಂದು ಎದ್ದುಹೋದರು.

ಮರುದಿನ ಅವರು ಬಾಯಿಂದ ಏನೂ ಹೇಳಲಿಲ್ಲ. ನಾನು ಯುವಕನೊಡನೆ ಹೋದಾಗ ಅವನ ಮಣೆಯನ್ನು ಕೆಂಡದ ಬಳಿಯಿಂದ ತೆಗೆದು ಉತ್ತರದ ಕಿಟಕಿಯ ಕೆಳಗೆ ಇಟ್ಟಿದ್ದರು. ಪಕ್ಕದಲ್ಲಿ ನೀರಿನ ಹೊಸ ಕೊಡ. ಮಣೆಯ ಮುಂದೆ ಸಾಗವಾನಿಯ ಒಂದು ಉದ್ದನೆಯ ಪಟ್ಟಿ, ಎರಡು ತುದಿಗೂ ಸಣ್ಣ ಕಾಲು. ಚಿತ್ರದ ಹಲಗೆಯ ಮೇಲೆ ಸೇತುವೆಯಂತೆ ನಿಲ್ಲುವಂಥದ್ದು. ಮಣಿಕಟ್ಟನ್ನು ಅದರ ಮೇಲೆ ಊರಿದರೆ ಬೆರಳುಗಳಷ್ಟೇ ಆಡುತ್ತವೆ, ತೋಳು ಆಡುವುದಿಲ್ಲ. ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿದೆ. ಅದು ಹೊಸ ಕೆಲಸವಾಗಿರಲಿಲ್ಲ. ನಡುವೆ ಯಾರದೋ ಮಣಿಕಟ್ಟು ವರ್ಷಗಟ್ಟಲೆ ಊರಿ ಸವೆದಿತ್ತು.

“ಇದು ಯಾರದ್ರಿ ಕಾಕಾ?”

“ನಂದ,” ಎಂದರು ಕಾಕಾ ಬೇರೆ ಕಡೆ ನೋಡುತ್ತ. “ಐವತ್ತು ದಾಟಿದ ಮ್ಯಾಲೆ ನನ್ನ ಕೈನೂ ನೆಟ್ಟಗ ನಿಂದ್ರತಿದ್ದಿಲ್ಲ. ಕೋಣ್ಯಾಗ ಬಾಗಲಾ ಹಾಕ್ಕೊಂಡು ಬರೀತಿದ್ದೆ. ಮಂದಿ ನೋಡಿದ್ರ ಏನಂದಾರು ಅಂತ.”

ಆ ಪಟ್ಟಿ ಅವತ್ತಿನಿಂದ ಎಲ್ಲರೂ ಕೂಡುವ ಜಾಗದಲ್ಲಿ ಬಹಿರಂಗವಾಗಿ ಉಳಿಯಿತು. ಎರಡು ವಾರದ ನಂತರ ಹಿರಿಯ ಬಣ್ಣಗಾರರು ಕೃಷ್ಣನ ಕಣ್ಣು ಬರೆಯಲು ಅದನ್ನು ಕೇಳಿ ಪಡೆದರಂತೆ. ಆ ದಿನ ಯುವಕ ಅವರಿಗೆ ತಾನೇ ವಿಷಯ ಹೇಳಿದ. ಅವರ ಉತ್ತರವನ್ನು ನನಗೆ ಫೋನಿನಲ್ಲಿ ನಗುತ್ತ ವರದಿ ಮಾಡಿದ: “ಹಂಗಾದ್ರ ಬಾಟ್ಲ್ಯಾಗ ಖರೇನ ನೀರ ಇತ್ತಲೇ? ಮೂರು ತಿಂಗಳ ಒಂದು ಗುಟುಕು ಕೊಟ್ಟಾನು ಅಂತ ಕಾದ್ನಲ್ಲೋ.” ಆಮೇಲೆ ಅವರು, ತಪ್ಪಾತು ತಮ್ಮಾ ಎಂದರಂತೆ.

ಹಲಗೆಗಳು ಸಾಗಿದವು. ವೈದ್ಯರು ಗುಳಿಗೆಯ ಪ್ರಮಾಣ ಇಳಿಸಿ, ಅದನ್ನೆಲ್ಲ ರಾತ್ರಿಯ ಹೊತ್ತಿಗೆ ಬದಲಿಸಿದರು. ನಡುಕ ಹೆಚ್ಚಿಸುವ ಬೆಳಗಿನ ಚಹಾವನ್ನು ಅವನು ತಾನಾಗಿಯೇ ಬಿಟ್ಟ. ಮೊದಲ ವಾರ ಅಂಚಿನ ಗೆರೆ ನಾಲ್ಕು ಸಲ ಕೆಟ್ಟಿತು. ನಾಲ್ಕು ಸಲವೂ ಅಸ್ತರಿನವರೆಗೆ ಉಜ್ಜಿ ಮತ್ತೆ ಬರೆದ. ಐದನೆಯ ಗೆರೆಗೆ ಕಾಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಗಂಟು ಇರಲಿಲ್ಲ. ಕೃಷ್ಣನ ಹಿಂದೆ ಅವನು ಜೋಡಿ ಎತ್ತುಗಳನ್ನು ಬರೆದಿದ್ದ. ಕಲಘಟಗಿಯ ತೊಟ್ಟಿಲಿಗೆ ಟ್ರೇಲರಿನ ಎತ್ತುಗಳು ಬಂದದ್ದು ಅದೇ ಮೊದಲು ಎಂದು ಕಾಕಾ ಹೇಳಿದರು. ಅಳಿಸು ಎನ್ನಲಿಲ್ಲ.

ಜುಲೈನಲ್ಲಿ ತರಬೇತಿ ಕೇಂದ್ರದ ಅಧಿಕಾರಿ ಪರೀಕ್ಷೆಗೆ ಬಂದರು. ಹಲಗೆ ನೋಡಿದರು, ಎದುರಿಗೆ ಗೆರೆ ಎಳೆಸಿದರು, ಮೆಚ್ಚಿದರು. ಆಮೇಲೆ ಪ್ರಮಾಣಪತ್ರದ ಅರ್ಜಿ ನಮೂನೆ ಕೊಟ್ಟರು. ಅದರ ಹದಿನಾಲ್ಕನೆಯ ಕಲಂ ಅಚ್ಚಿನಲ್ಲಿ ಹೀಗಿತ್ತು: ‘ನಾನು ಯಾವುದೇ ಮಾನಸಿಕ ಅಸ್ವಸ್ಥತೆಗೆ ಒಳಗಾಗಿರುವುದಿಲ್ಲವೆಂದು ಈ ಮೂಲಕ ಘೋಷಿಸುತ್ತೇನೆ.’ ಮುಂದೆ ಸಹಿಗೆ ಜಾಗ.

ಆರು ತಿಂಗಳ ದುಡಿಮೆ ಆ ಒಂದು ಸಾಲಿನ ಮುಂದೆ ಬಂದು ನಿಂತಿತು. ಸಹಿ ಮಾಡಿದರೆ ಸುಳ್ಳು, ಮಾಡದಿದ್ದರೆ ಅರ್ಜಿ ಅಪೂರ್ಣ. ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಸಹಿ ಮಾಡಸಿಬಿಡ್ರಿ ಮೇಡಂ. ಯಾರ ನೋಡ್ತಾರ ಅದನ್ನ?” ಕೆಟ್ಟ ಮನುಷ್ಯರಲ್ಲ ಅವರು. ಜನವರಿಯಲ್ಲಿ ನಾನು ಹೇಳಿದ ಸುಳ್ಳನ್ನೇ, ನನ್ನಷ್ಟೇ ಒಳ್ಳೆಯ ಉದ್ದೇಶದಿಂದ, ಈಗ ಸರ್ಕಾರಿ ಕಾಗದದ ಮೇಲೆ ಹೇಳಿಸುತ್ತಿದ್ದರು. ಈ ಸಲ ನಾನು ಯುವಕನನ್ನು ಕೇಳಿದೆ.

ಅವನು ಕುಂಚ ತೊಳೆದಿಟ್ಟು ಬಂದ. ನಮೂನೆಯನ್ನು ಪಟ್ಟಿಯ ಕೆಳಗಿಟ್ಟು, ಮಣಿಕಟ್ಟು ಊರಿ, ಹದಿನಾಲ್ಕನೆಯ ಕಲಮಿನ ಮೇಲೆ ಒಂದು ಗೆರೆ ಎಳೆದ. ಕೂದಲಿನಷ್ಟು ಸಣ್ಣದು, ಒಂದೇ ಉಸಿರಿನದು. ಪಕ್ಕದಲ್ಲಿ ಬರೆದ: ‘ಲಗತ್ತಿಸಿದ ಹಾಳೆ ನೋಡಿ.’ ತನ್ನ ಹಾಳೆಯ ಪ್ರತಿಯನ್ನು ಜೋಡಿಸಿ ಸಹಿ ಮಾಡಿದ.

“ಹಿಂಗ ತಗೊಳ್ಳಾಕ ಬರಂಗಿಲ್ರಿ,” ಎಂದರು ಅಧಿಕಾರಿ.

ಕಾಕಾ ಕೈ ಚಾಚಿ ಆ ಹಾಳೆಯನ್ನು ತೆಗೆದುಕೊಂಡು, ಯುವಕನ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. “ಸಾಹೇಬ್ರ, ಕೆಲಸಾ ನೋಡಾಂವಾ ನಾನು. ನನಗ ಇದು ಸಾಕಾಗೈತಿ. ನಿಮಗ ಸಾಕಾಗದಿದ್ರ ಮುಂದಿನ ವರ್ಷದಿಂದ ಹುಡುಗರನ್ನ ಬ್ಯಾರೆ ಕಡೆ ಕಳಸ್ರಿ. ಇನ್ನ ಯಾರ ಕಾಗದಕ್ಕೂ ನಾ ಸಹಿ ಮಾಡಂಗಿಲ್ಲ.”

ಅಧಿಕಾರಿ ಹೊರಗೆ ಹೋಗಿ ಎರಡು ಸಲ ಫೋನ್ ಮಾಡಿದರು. ಮಾನಸಿಕ ಕಾಯಿಲೆಯ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುವ ಕಾಯ್ದೆಯ ಪುಟವನ್ನು ನಾನು ಅವರ ಕೈಗಿತ್ತೆ. ಕೆಳಗೆ ಸಣ್ಣದಾಗಿ ಬರೆದಿದ್ದ ಸಾಲು ಕೊನೆಗೂ ಕೆಲಸಕ್ಕೆ ಬಂತು. ಅರ್ಧ ತಾಸಿನ ಮೇಲೆ ಅವರು ಒಳಗೆ ಬಂದು ಅರ್ಜಿಯನ್ನು ಫೈಲಿಗೆ ಸೇರಿಸಿದರು. ಮೂರು ವಾರಕ್ಕೆ ಪ್ರಮಾಣಪತ್ರ ಬಂತು. ಅವನು ಈಗ ಅಲ್ಲಿಯೇ ಕಾಯಂ ಬಣ್ಣಗಾರ.

ಸಂಶಿಯಲ್ಲಿ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲು ಹೊರಡುವ ಮುನ್ನ ಅದರ ತೂಗಾಟ ಸರಿಯಿದೆಯೇ ಎಂದು ನೋಡಬೇಕು. ಖಾಲಿ ತೊಟ್ಟಿಲನ್ನು ಆ ಮನೆಯಲ್ಲಿ ಯಾರೂ ತೂಗುವುದಿಲ್ಲ. ಒರಳಿನ ರುಬ್ಬುಗುಂಡನ್ನು ತೊಳೆದು, ಒರೆಸಿ, ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿ ತೂಗುತ್ತಾರೆ. ಮೊದಲ ತೂಗು ಯಾವಾಗಲೂ ಯಜಮಾನರದು. ಕಾಕಾ ಹಗ್ಗವನ್ನು ಯುವಕನ ಕೈಗೆ ಕೊಟ್ಟರು. ಅವನು ರುಬ್ಬುಗುಂಡಿಗೆ ಸುತ್ತಲು ತನ್ನ ಚೀಲದಿಂದ ಬಾಟಲಿಯ ಸೀರೆಯ ತುಂಡನ್ನು ಬಿಚ್ಚಿ ತೆಗೆದ. ಪಕ್ಕದಲ್ಲೇ ನೀರಿನ ಕೊಡವಿದ್ದುದರಿಂದ ಬಾಟಲಿಗೆ ಇನ್ನು ಅದು ಬೇಕಿರಲಿಲ್ಲ. ತೊಟ್ಟಿಲು ಸದ್ದಿಲ್ಲದೆ ತೂಗಿತು. ಕಾಕು, “ನೋಡ್ರಿ, ಗುಂಡಪ್ಪಗ ನಿದ್ದಿ ಹತ್ತಿತು,” ಎಂದರು.

ಒಬ್ಬ ಯಜಮಾನ, ಒಬ್ಬ ಹೆಂಗಸು, ಒಂದು ಹಾಳೆ. ಇಷ್ಟರಿಂದ ಈ ಒಬ್ಬನಿಗೆ ನ್ಯಾಯ ಸಿಕ್ಕಿತು. ನಮೂನೆ ಮಾತ್ರ ಹಾಗೆಯೇ ಇದೆ. ಕಳೆದ ವಾರ ಹೊಸ ಪ್ರತಿ ತರಿಸಿಕೊಂಡು ನೋಡಿದೆ. ಹದಿನಾಲ್ಕನೆಯ ಕಲಂ ಅದೇ ಜಾಗದಲ್ಲಿದೆ.

ಆದ್ದರಿಂದ, ಆ ನಮೂನೆಯನ್ನು ಅಚ್ಚು ಹಾಕಿಸುವ ತರಬೇತಿ ಕೇಂದ್ರದ ಅಧಿಕಾರಿಗಳೇ, ಇದು ನಿಮಗೆ. ಮುಂದಿನ ತಂಡದ ಅರ್ಜಿಗಳನ್ನು ಕರೆಯುವ ಮೊದಲು ಹದಿನಾಲ್ಕನೆಯ ಕಲಮನ್ನು ತೆಗೆದುಹಾಕಿ. ಆ ಜಾಗದಲ್ಲಿ ಹೊಸದಾಗಿ ಏನನ್ನೂ ಯೋಚಿಸುವ ಶ್ರಮ ನಿಮಗಿಲ್ಲ. ತಂಬೂರಿನ ಬಣ್ಣಗಾರ ಬರೆದ ಶೀರ್ಷಿಕೆಯನ್ನೇ ಹಾಕಿ, ‘ನನ್ನ ಕೆಲಸ ಚೆನ್ನಾಗಿ ಆಗಲು ಬೇಕಾದದ್ದು’ ಎಂದು. ಆಯ್ಕೆಯಾದ ಮೇಲಷ್ಟೇ ಅದನ್ನು ಕೇಳಿ. ಅದನ್ನು ಯಾರು ಓದಬೇಕೆಂದು ಬರೆದವರೇ ಹೇಳಲಿ. ಆಮೇಲೆ ನಿಮ್ಮ ಹಳೆಯ ಫೈಲುಗಳನ್ನು ತೆಗೆಯಿರಿ, ಆ ಕಲಮಿನ ಮುಂದೆ ಸಹಿ ಮಾಡಲಾಗದೆ ಅರ್ಜಿ ಅಪೂರ್ಣವಾಗಿ ಉಳಿದವರ ಹೆಸರುಗಳನ್ನು ಹುಡುಕಿ, ಒಬ್ಬೊಬ್ಬರಿಗೂ ಪತ್ರ ಬರೆದು ಮರಳಿ ಕರೆಯಿರಿ.